ಬಿಸಿ ಮೈದಾನದ ತಣ್ಣನೆ ಗಾಡಿಗಳು

ನಮ್ಮ ಓಣಿಯಲ್ಲಿ ನೀಲಿ ಸೀರೆ ನೀಲಿಯಾಗಿ ಉಳಿಯುವುದಿಲ್ಲ. ಸುಳ್ಳು ಅನ್ನುವವರು ಹುಬ್ಬಳ್ಳಿಯ ಅಂಚಿಗೆ, ತಪಾಸಣೆ ನಾಕಾದ ಹೊರಗಿರುವ ಕಂಬಾರಗಟ್ಟಿ ಓಣಿಗೆ ಬಂದು ನೋಡಲಿ. ಬೆಳಗಾಯಿತೆಂದರೆ ಇಲ್ಲಿ ಹೆಂಗಸರು ಹಳೆಯ ಸೀರೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಬಾಗಿಲಿಗೆ ಪರದೆಯಂತೆ ಕಟ್ಟುತ್ತಾರೆ. ಒಳಗೆ ಮಲಗಿದ ಮಕ್ಕಳು ಕೆಮ್ಮಬಾರದಲ್ಲ, ಅದಕ್ಕೆ. ಹೊರಗಿನ ವಿಷಗಾಳಿ ಆ ಒದ್ದೆ ಬಟ್ಟೆಯಲ್ಲಿ ಒಂದಿಷ್ಟು ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದದ್ದು ಸುಮ್ಮನಿರುತ್ತದೆಯೇ? ಬಣ್ಣ ತಿನ್ನುತ್ತದೆ. ಚಳಿಗಾಲ ಮುಗಿಯುವಷ್ಟರಲ್ಲಿ ನೀಲಿ ಜಾರ್ಜೆಟ್ ಸೀರೆ ಬಾಡಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿರುತ್ತದೆ. ನಮ್ಮವ್ವ ಶಂಕ್ರವ್ವ ಹಾಗೆ ಕಳೆದುಕೊಂಡ ಸೀರೆಗಳಿಗೆ ಲೆಕ್ಕವಿಲ್ಲ. ಒಂದೇ ಒಂದು ನೀಲಿ ಸೀರೆಯನ್ನು ಮಾತ್ರ ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದಾಳೆ. ಓಣಿಯ ಗಾಳಿಗೆ ಅದನ್ನು ತೋರಿಸಿದವಳೇ ಅಲ್ಲ.

ಆ ವಿಷದ ಹೆಸರು ನೈಟ್ರೋಜನ್ ಆಕ್ಸೈಡ್. ನಾನು, ಕಸ್ತೂರಿ ಕಮ್ಮಾರ, ರಸಾಯನಶಾಸ್ತ್ರ ಓದಿದ್ದು ಬೇರಾವ ಘನಕಾರ್ಯಕ್ಕೂ ಅಲ್ಲ. ನಮ್ಮವ್ವನ ಸೀರೆ ತಿಂದವನನ್ನು ಹಿಡಿಯಬೇಕು ಅಂತ. ಹಿಡಿದೆ ಕೂಡ. ಹಿಡಿದು ಅಧಿಕಾರಿಗಳ ಮುಂದೆ ನಿಲ್ಲಿಸಿದರೆ ಅವರು ಅವನಿಗೇ ಕುರ್ಚಿ ಹಾಕಿ ಕೂರಿಸಿದರು. ಸಿಟ್ಟು ಬರುವುದಿಲ್ಲವೇ?

ನನ್ನ ಸಿಟ್ಟು ನಿಮಗೆ ತಿಳಿಯಬೇಕಾದರೆ ನಮ್ಮೂರಿನ ನಿಯಮ ತಿಳಿಯಬೇಕು. ಊರನ್ನು ಶುದ್ಧ ಮಾಡುತ್ತೇವೆಂದು ಗಾಳಿ ಮಂಡಳಿ ಬಂತು. ಊರ ಸುತ್ತ ನಾಕಾಗಳೆದ್ದವು, ನಾಕಾದ ಒಳಗೆಲ್ಲ ‘ಶುದ್ಧ ವಲಯ’ವಾಯಿತು. ಉಳ್ಳವರು ವಿದ್ಯುತ್ ಕಾರು ಹತ್ತಿದರು. ಕಾಯಿಪಲ್ಲೆ, ಹಾಲು, ಸಿಮೆಂಟು, ಶಾಲೆಯ ಮಕ್ಕಳು, ಇವನ್ನೆಲ್ಲ ಹೊರುವ ಟಂಟಂ ಟೆಂಪೋಗಳು ಮಾತ್ರ ಡೀಸೆಲ್ಲಿನಲ್ಲೇ ಉಳಿದವು. ಅಂಥ ಪ್ರತಿ ಗಾಡಿಯ ಹೊಗೆ ಕೊಳವೆಯಲ್ಲೂ ವೇಗವರ್ಧಕ ಇರಲೇಬೇಕೆಂದು ಕಾನೂನಾಯಿತು. ಡ್ರೈವರುಗಳು ಅದಕ್ಕೆ ಡಬ್ಬಿ ಅನ್ನುತ್ತಾರೆ. ಒಳಗೆ ಜೇನುಗೂಡಿನಂತೆ ತೂತುತೂತಾದ ಪಿಂಗಾಣಿ. ಅದರ ಗೋಡೆಗಳಿಗೆ ವೇಗವರ್ಧಕದ ಲೇಪ. ಹೊಗೆಗೆ ಒಂದಿಷ್ಟು ಅಮೋನಿಯಾ ಬೆರೆಸಿ ಆ ತೂತುಗಳೊಳಗೆ ಹಾಯಿಸಿದರೆ, ವಿಷವೂ ಅಮೋನಿಯಾವೂ ಲೇಪದ ಮೇಲೆ ಕೂಡಿ ಬರೀ ನೈಟ್ರೋಜನ್ನೂ ನೀರಾವಿಯೂ ಆಗಿ ಹೊರಬರುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ಬಹುಪಾಲು ಇರುವುದೇ ನೈಟ್ರೋಜನ್. ಅದರಿಂದ ಯಾರಿಗೂ ಏನೂ ಆಗುವುದಿಲ್ಲ.

ಆದರೆ ಡಬ್ಬಿಗೊಂದು ಕೆಟ್ಟ ಚಾಳಿ ಇದೆ. ಮೈ ಬಿಸಿಯಾಗದೆ ಅದು ಕೆಲಸಕ್ಕೆ ಏಳುವುದಿಲ್ಲ. ಇನ್ನೂರು ಡಿಗ್ರಿ ಶಾಖ ಬೇಕು. ಅಲ್ಲಿಯವರೆಗೆ ಎಂಜಿನ್ನು ಉಗುಳಿದ ವಿಷವೆಲ್ಲ ಹಾಗೇ ಹೊರಗೆ. ಹೊಗೆಯಲ್ಲಿ ವಿಷವೆಷ್ಟಿದೆ ಎಂದು ಹೇಳುವ ಸೆನ್ಸರ್ ಕೂಡ ಪಿಂಗಾಣಿಯದೇ. ತಣ್ಣನೆ ಕೊಳವೆಯಲ್ಲಿ ನೀರಿನ ಹನಿ ತಾಗಿದರೆ ಸಿಡಿಯುತ್ತದೆಂದು ಅದನ್ನೂ ಬಿಸಿಯಾಗುವವರೆಗೆ ಮಲಗಿಸಿಡುತ್ತಾರೆ. ಡಬ್ಬಿ ಮಲಗಿದಾಗ ಕಾವಲುಗಾರನೂ ಮಲಗಿರುತ್ತಾನೆ! ಹಾಗಾಗಿ ಮಂಡಳಿಯ ಬುದ್ಧಿವಂತರು ಒಂದು ಸುಲಭದ ದಾರಿ ಹುಡುಕಿದರು. ನಾಕಾದಲ್ಲಿ ಗಾಡಿಯ ವಿಷ ಅಳೆಯುವುದೇ ಬೇಡ, ಡಬ್ಬಿಯ ಶಾಖ ಮಾತ್ರ ಕೇಳೋಣ. ಇನ್ನೂರು ದಾಟಿದ್ದರೆ ಗಾಡಿ ಶುದ್ಧ, ಒಳಗೆ ಬರಲಿ. ದಾಟದಿದ್ದರೆ ನಿಯಂತ್ರಣ ಕೊಠಡಿಯಿಂದ ಗಾಲಿಗೆ ಬೀಗ. ಎಂಜಿನ್ನು ಓಡುತ್ತದೆ, ಗಾಡಿ ಅಲುಗುವುದಿಲ್ಲ. ಡಬ್ಬಿ ಬಿಸಿಯಾದರೆ ಬೀಗ ತಾನೇ ಬಿಚ್ಚಿಕೊಳ್ಳುತ್ತದೆ.

ಒಳಗೆ ಹೋಗುವ ಮೊದಲು ಗಾಡಿ ಬಿಸಿ ಮಾಡಬೇಕಲ್ಲ, ಎಲ್ಲಿ ಮಾಡುವುದು? ನಾಕಾದ ಹೊರಗೆ. ಎಂದರೆ ನಮ್ಮ ಓಣಿಯ ಬಾಗಿಲಲ್ಲಿ. ನಾವು ಹುಡುಗಿಯರಿದ್ದಾಗ ಖೊಖೊ ಆಡಿದ ಬಯಲಿಗೆ ಈಗ ಬಿಸಿ ಮೈದಾನ ಅಂತ ಬೋರ್ಡು. ಬೆಳಗಿನ ಚಳಿಯಲ್ಲಿ ಊರಿಗೆ ಹೋಗುವ ಗಾಡಿಗಳೆಲ್ಲ ಅಲ್ಲಿ ನಿಂತು ಗುರ್ರೆನ್ನುತ್ತವೆ. ಡಬ್ಬಿ ಏಳುವವರೆಗಿನ ವಿಷವೆಲ್ಲ ನಮಗೆ, ಎದ್ದ ಮೇಲಿನ ಶುದ್ಧ ಹೊಗೆ ಊರಿಗೆ. ಒಳಗಿನ ಮೀಟರುಗಳು ಹಸಿರು ತೋರಿಸುತ್ತವೆ, ಮಂಡಳಿಯವರು ಸನ್ಮಾನ ಮಾಡಿಸಿಕೊಳ್ಳುತ್ತಾರೆ. ನಾನು ಕೆಲಸಕ್ಕೆ ಸೇರಿದ್ದೂ ಅದೇ ಮಂಡಳಿಯ ಪ್ರಯೋಗಾಲಯಕ್ಕೆ, ಎಂಥ ಹಣೆಬರಹ ನೋಡಿ.

ಅವ್ವ ಆ ಮೈದಾನದಂಚಿನಲ್ಲೇ ಚುರುಮುರಿಯ ಗಿರ್ಮಿಟ್, ಮಿರ್ಚಿ, ಚಹಾದ ಗಾಡಿ ಇಟ್ಟವಳು. ಡ್ರೈವರುಗಳು ಎಂಜಿನ್ನು ಚಾಲೂ ಇಟ್ಟು, ಎಕ್ಸಲೇಟರಿನ ಮೇಲೆ ಇಟ್ಟಿಗೆ ಹೇರಿ, ಅವಳ ಹತ್ತಿರ ಬಂದು ತಿನ್ನುತ್ತಾರೆ. ಒಂದು ಪ್ಲೇಟ್ ಗಿರ್ಮಿಟ್, ಒಂದು ಚಹಾ ಮುಗಿಯುವಷ್ಟರಲ್ಲಿ ಡಬ್ಬಿ ಎದ್ದಿರುತ್ತದೆ. ಈ ಹೊತ್ತಿಗೆ ಅವರಲ್ಲೊಂದು ಮಾತೇ ಇದೆ, ‘ಒಂದು ಗಿರ್ಮಿಟ್ ಬಿಸಿ’. ಕಳೆದ ಚಳಿಗಾಲದಲ್ಲಿ ಅವ್ವ ಈರುಳ್ಳಿ ಹೆಚ್ಚುತ್ತಾ ಹೆಚ್ಚುತ್ತಾ ಉಸಿರು ಸಿಗದೆ ಕುಸಿದಳು. ಇನ್ನೊಂದು ಚಳಿಗಾಲ ಇಲ್ಲೇ ಕಳೆದರೆ ಇವರ ಪುಪ್ಪುಸ ತಡೆಯುವುದಿಲ್ಲ, ಬೇರೆ ಕಡೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಪಿಸುಮಾತಿನಲ್ಲೇ ಹೇಳಿದರು, ಆದರೆ ಅವ್ವನ ಕಿವಿಯೇನು ಸಾಮಾನ್ಯವೇ?

“ನಾ ಎಲ್ಲೂ ಹೋಗಾಕಿ ಅಲ್ಲ,” ಎಂದಳು ಮಂಚದ ಮೇಲಿಂದಲೇ. “ನಾ ಯಾಕ ಹೋಗ್ಲಿ? ಮೊದಲ ಬಂದಾಕಿ ನಾನು, ಆಮ್ಯಾಲ ಬಂದದ್ದು ಹೊಗಿ. ಅದಕ್ಕ ಹೋಗಂತ ಹೇಳ್ರಿ.”

“ಯವ್ವಾ, ಹಟಾ ಮಾಡಬ್ಯಾಡ. ನನ್ನ ಕ್ವಾರ್ಟರ್ಸ್‌ಗೆ ಬಾ. ಅಲ್ಲಿ ಗಾಳಿ ಚೊಲೋ ಐತಿ.”

“ಚೊಲೋ ಯಾಕಿಲ್ಲ? ನಮ್ಮ ಎದಿಯಾಗ ಸೋಸಿ ಕಳಸಿದ ಗಾಳಿ ಅಲ್ಲೇನು ಅದು!” ಎಂದು ಮಗ್ಗುಲಾದಳು. ಅಲ್ಲಿಗೆ ಆ ಮಾತು ಮುಗಿಯಿತು.

ಅವ್ವ ಜಾಗ ಬಿಡುವುದಿಲ್ಲ, ಮುಂದಿನ ಚಳಿ ದೂರವಿಲ್ಲ. ಹಾಗಾದರೆ ನಾನು ಮಾಡಬೇಕಾದದ್ದು ಒಂದೇ. ತಣ್ಣಗಿದ್ದಾಗಲೂ ಮಲಗದ ಡಬ್ಬಿ ಬೇಕು.

ಸಂಡೂರಿನ ಗುಡ್ಡಗಳಲ್ಲಿ ಸಿಗುವ ಮ್ಯಾಂಗನೀಸು ಇದಕ್ಕೆ ಒದಗುತ್ತದೆಂದು ನನಗೆ ಗೊತ್ತಿತ್ತು. ಅದರ ಆಕ್ಸೈಡಿನ ಲೇಪ ಎಂಜಿನ್ನು ಚಾಲೂ ಆದ ಗಳಿಗೆಯಿಂದಲೇ ವಿಷವನ್ನು ಹಿಡಿಯುತ್ತದೆ. ತಕರಾರು ಬೇರೆ ಇತ್ತು. ತಣ್ಣನೆ ಹೊಗೆಯಲ್ಲಿರುವ ನೀರು ಲೇಪದ ಮೇಲೆ ಕೂತು ಬಾಯಿ ಮುಚ್ಚಿಬಿಡುತ್ತದೆ, ಡೀಸೆಲ್ಲಿನ ಗಂಧಕ ನಿಧಾನಕ್ಕೆ ಕೊಂದೇಬಿಡುತ್ತದೆ. ಇದಕ್ಕೆ ಉಪಾಯ ಅವ್ವನ ಅಡಿಗೆಮನೆಯಲ್ಲಿ ಹೊಳೆಯಿತು ಎಂದು ಬರೆದರೆ ನಿಮಗೆಲ್ಲ ಖುಷಿಯಾಗುತ್ತಿತ್ತು. ಹಾಗೇನೂ ಆಗಲಿಲ್ಲ. ಕೆಟ್ಟುಹೋದ ರಾಶಿ ರಾಶಿ ಚೂರುಗಳಿಂದ, ಬೈಗುಳದಿಂದ, ಮತ್ತೆ ಮತ್ತೆ ಒಲೆಗೆ ಹಾಕಿ ತೆಗೆದದ್ದರಿಂದ ಸಿಕ್ಕಿತು. ಲೇಪಕ್ಕೆ ಸೀರಿಯಮ್ ಬೆರೆಸಿ ಗಂಧಕದ ಬಾಯಿಗೆ ಅದನ್ನು ಮೊದಲು ಕೊಟ್ಟೆ, ಮೇಲೆ ನೀರನ್ನು ಒಲ್ಲದ ತೆಳುಪೊರೆ ಹೊದಿಸಿದೆ. ಅಮೋನಿಯಾ ಕೊಡಲು ಮಾಮೂಲಿ ಯೂರಿಯಾ ನೀರು ಚಳಿಯಲ್ಲಿ ಕೆಲಸಕ್ಕೆ ಬರುವುದಿಲ್ಲವಾದ್ದರಿಂದ, ಅಮೋನಿಯಾವನ್ನು ಹೀರಿಟ್ಟುಕೊಂಡ ಉಪ್ಪಿನದೊಂದು ಚಿಕ್ಕ ಕರಡಿಗೆ ಜೋಡಿಸಿದೆ. ಬ್ಯಾಟರಿಯಿಂದ ಒಂದಿಷ್ಟು ಬೆಚ್ಚಗೆ ಮಾಡಿದರೆ ಅದು ಅಮೋನಿಯಾ ಬಿಡುತ್ತದೆ. ಗಾಡಿಯಲ್ಲಿ ಡಬ್ಬಿ ಕೂರುವುದು ಕೊಳವೆಯ ತೀರಾ ತುದಿಯಲ್ಲಿ, ಓಡುವಾಗ ಗಾಳಿ ಬಡಿದು ತಣ್ಣಗೇ ಇರುವ ಕಡೆ. ಪ್ರಯೋಗಾಲಯದ ಎಂಜಿನ್ನಿಗೆ ಹಾಕಿ ಚಾಲೂ ಮಾಡಿದ ದಿನ ವಿಷದ ಮೀಟರಿನ ಮುಳ್ಳು ಕೆಳಗೇ ಮಲಗಿತ್ತು. ನಾನೊಬ್ಬಳೇ ಕೋಣೆಯಲ್ಲಿ ಜೋರಾಗಿ ಕೂಗಿ ಚಪ್ಪಾಳೆ ಹೊಡೆದೆ.

ದಾವಲಸಾಬ ಮುಲ್ಲಾ ನಮ್ಮ ಓಣಿಯ ಟಂಟಂ ಡ್ರೈವರುಗಳಿಗೆಲ್ಲ ಹಿರಿಯ. ನನಗೆ ದಾವಲ್ ಕಾಕಾ. ಅವನ ಟಂಟಂಗೆ ಮೊದಲ ಡಬ್ಬಿ ಕೂಡಿಸಿದೆವು. “ಬಿಸಿ ಮಾಡಬ್ಯಾಡ ಕಾಕಾ, ಸೀದಾ ನಾಕಾಕ್ಕ ಹೋಗು,” ಅಂದೆ. ಹೋದ. ನಾಕಾದಲ್ಲಿ ನೆಟ್ಟ ತಪಾಸಣೆಯ ಕಂಬ ಅವನ ಡಬ್ಬಿಯ ಶಾಖ ಕೇಳಿತು. ತಣ್ಣಗಿತ್ತು. ಟಪ್ಪನೆ ಗಾಲಿಗೆ ಬೀಗ ಬಿತ್ತು. ಕ್ರೇನು ಬಂದು ಅವನ ಗಾಡಿಯನ್ನು ಹಿಂದುಮುಂದಾಗಿ ಎತ್ತಿಕೊಂಡು ಬಿಸಿ ಮೈದಾನದಲ್ಲಿ ತಂದು ಒಗೆಯಿತು. ನೋಡಿದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ನಿಯಂತ್ರಣ ಕೊಠಡಿ ನಮ್ಮ ಪ್ರಯೋಗಾಲಯದ ಮೇಲಿನ ಮಹಡಿಯಲ್ಲೇ. ಅದರ ಮುಖ್ಯಸ್ಥರು ಜಯತೀರ್ಥ ಇನಾಮದಾರರು. ಕೆಟ್ಟವರೇನಲ್ಲ. ದಿನಾ ಬೆಳಿಗ್ಗೆ ನಾಕಾದೊಳಗಿನ ತಮ್ಮ ಶಾಂತಿವನ ಬಡಾವಣೆಯಲ್ಲಿ ಪ್ರಾಣಾಯಾಮ ಮಾಡಿ ಬರುವ ನೆಮ್ಮದಿಯ ಮನುಷ್ಯ. ಅವರ ಮೇಜಿನ ಮೇಲೆ ನನ್ನ ಫಲಿತಾಂಶಗಳನ್ನೆಲ್ಲ ಹರವಿದೆ.

“ಭಾಳ ಛಂದ ಅದ ಕಸ್ತೂರಿ, ಭಾಳ ಛಂದ,” ಅಂದರು. “ಆದ್ರ ನಮ್ಮ ವ್ಯವಸ್ಥಾಕ್ಕ ಶಾಖ ಅಷ್ಟೇ ತಿಳೀತದ. ತಣ್ಣಗಿದ್ರ ಕೊಳಕು ಅಂತನ ಅರ್ಥ. ನಿಮ್ಮ ಡಬ್ಬೀನೂ ಬಿಸಿ ಮಾಡಿ ತಂದ್ರ ಮುಗೀತಲ್ಲ?”

“ಮುಗಿಯೂದಿಲ್ಲ ಸರ್. ಮ್ಯಾಂಗನೀಸು ಹೆಚ್ಚಿಗಿ ಬಿಸಿ ಆದ್ರ ಅಮೋನಿಯಾನ್ನ ಸುಡತೈತಿ. ಸುಟ್ಟು ಮತ್ತ ಅದ ವಿಷಾನ ತಯಾರ ಮಾಡತೈತಿ. ನಿಮ್ಮ ನಿಯಮ ಪಾಲಿಸಿದ್ರನ ಅದು ಕೊಳಕಾಗೂದು!”

“ಹಂಗಂದ್ರ ಅದು ಪಕ್ಕಾ ಆಗಿಲ್ಲಂತ ಆತು.” ಅವರು ಕನ್ನಡಕ ತೆಗೆದು ಒರೆಸಿದರು. “ನೋಡ್ರಿ, ಒಂದು ಅವಕಾಶ ಕೊಡ್ತೀನಿ. ಮೈದಾನದಾಗ ಒಂದು ಮೀಟರ್ ಅದ. ಒಂದಿಷ್ಟು ಗಾಡಿಗೆ ನಿಮ್ಮ ಡಬ್ಬಿ ಹಚ್ಚಿ, ಆ ಮೀಟರ್ ಇಳಿಸಿ ತೋರಸ್ರಿ. ಇಳೀತಂದ್ರ ಸಮಿತಿ ಮುಂದ ಇಡ್ತೀನಿ.”

ಹಗಲೆಲ್ಲ ಮಂಡಳಿಯ ಕೆಲಸ, ರಜೆಯ ದಿನಗಳಲ್ಲಿ ಮಂಡಳಿಯದೇ ಒಲೆಯಲ್ಲಿ ನನ್ನ ಡಬ್ಬಿಗಳು. ಕೇಳಿದವರಿಗೆ ಪ್ರಯೋಗ ಅಂದೆ. ಸುಳ್ಳೇನಲ್ಲವಲ್ಲ. ಕಾಕಾ ಡ್ರೈವರುಗಳನ್ನು ಒಪ್ಪಿಸಿದ. ಓಣಿಯ ಹೆಚ್ಚಿನ ಟಂಟಂಗಳಿಗೆ, ಹಾಲಿನ ವ್ಯಾನಿಗೆ, ಕಾಯಿಪಲ್ಲೆ ಟೆಂಪೋಗಳಿಗೆ ಡಬ್ಬಿ ಕೂತವು. ಒಂದು ಮುಂಜಾನೆ, ಹಳೆಯ ಡಬ್ಬಿಯ ಗಾಡಿಗಳು ಬರುವ ಮೊದಲೇ, ಅವೆಲ್ಲ ಮೈದಾನದಲ್ಲಿ ಸಾಲಾಗಿ ನಿಂತವು. ಇನಾಮದಾರರು ಖುದ್ದಾಗಿ ಮೂಗಿಗೆ ಮಾಸ್ಕು ಹಾಕಿಕೊಂಡು ಬಂದು ಮೀಟರಿನ ಕೆಳಗೆ ನಿಂತರು. ಎಂಜಿನ್ನುಗಳು ಚಾಲೂ ಆದವು. ಮುಳ್ಳು ಅಲುಗಲಿಲ್ಲ. ಅವ್ವನ ಒಗ್ಗರಣೆಯ ವಾಸನೆ ಮೂಗಿಗೆ ಬಂತು. ಆ ಮೈದಾನದಲ್ಲಿ ಒಗ್ಗರಣೆಯ ವಾಸನೆ ಬಂದದ್ದು ನನಗೆ ನೆನಪಿದ್ದಂತೆ ಅದೇ ಮೊದಲು.

ಆಮೇಲೆ ನಿಧಾನಕ್ಕೆ ಮುಳ್ಳು ಏರತೊಡಗಿತು. ನೋಡನೋಡುತ್ತ ಕೆಂಪು ದಾಟಿತು. ತಿರುಗಿ ನೋಡಿದರೆ, ಏನು ಹೇಳಲಿ! ಸೀಟುಗಳಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಎಂದಿನಂತೆ ಎಕ್ಸಲೇಟರಿಗೆ ಇಟ್ಟಿಗೆ ಹೇರಿ, ಅವ್ವನ ಗಾಡಿಯ ಸುತ್ತ ನಿಂತು ಪ್ಲೇಟು ಹಿಡಿದಿದ್ದಾರೆ. ಬಿಸಿ ಮಾಡಬೇಡಿ ಎಂದು ಬಾಯಿ ಒಣಗುವಂತೆ ಹೇಳಿದ್ದೆ. ಹೂಂ ಎಂದು ತಲೆಯಾಡಿಸಿದ್ದರು. ಆದರೆ ಒಗ್ಗರಣೆಯ ವಾಸನೆ ಬಂದರೆ ಕೈ ತಾನಾಗಿ ಇಟ್ಟಿಗೆಗೆ ಹೋಗುತ್ತದೆ. ವರ್ಷಾನುಗಟ್ಟಲೆ ಹಾಗೇ ಮಾಡಿದ ಮೈ ಅದು. ನನ್ನ ಡಬ್ಬಿಗಳು ಕಾದು, ಅಮೋನಿಯಾ ಸುಟ್ಟು, ಮಾಮೂಲಿಗಿಂತ ಹೆಚ್ಚು ವಿಷ ಕಾರುತ್ತಿದ್ದವು. ಇನಾಮದಾರರು ಕೆಮ್ಮುತ್ತಾ ಕಾರು ಹತ್ತಿ ಹೋದರು.

“ಏನ್ ಮಾಡಿದ್ರಿ ಕಾಕಾ! ಒಂದು ದಿನಾ ಸುಮ್ಕ ಸೀಟಿನ್ಯಾಗ ಕುಂದರಾಕ ಬರೂದಿಲ್ಲೇನು ನಿಮಗ?” ಎಂದು ಎಲ್ಲರ ಮುಂದೆ ಒದರಾಡಿಬಿಟ್ಟೆ. ಕಾಕಾ ಕೈಯಲ್ಲಿದ್ದ ಪ್ಲೇಟನ್ನು ನೋಡಿದ, ತನ್ನ ಟಂಟಂನಲ್ಲಿದ್ದ ಇಟ್ಟಿಗೆ ನೋಡಿದ. “ಯಾ ಅಲ್ಲಾ,” ಅಂದ. “ಖರೇನ ಗೊತ್ತಾಗ್ಲಿಲ್ಲ ತಂಗಿ. ಯಾವಾಗ ಇಟ್ಟೆ ಇದನ್ನ?”

ಚಳಿ ಬಂತು. ಜೊತೆಗೇ ಮಂಡಳಿಯ ಆದೇಶವೂ ಬಂತು. ಚಳಿಗಾಲದಲ್ಲಿ ಡಬ್ಬಿಗಳು ಪೂರ್ತಿ ಏಳುತ್ತಿಲ್ಲವಾದ್ದರಿಂದ ಪ್ರತಿ ಗಾಡಿಯೂ ಮೈದಾನದಲ್ಲಿ ಇಮ್ಮಡಿ ಹೊತ್ತು ಬಿಸಿ ಮಾಡಬೇಕು. ಆದೇಶ ಜಾರಿಯಾದ ಮೊದಲ ವಾರವೇ ಅವ್ವನನ್ನು ಆಸ್ಪತ್ರೆಗೆ ಹಾಕಿದೆವು. ಮೂಗಿಗೆ ನಳಿಗೆ, ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುವುದು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ. ಆಗ ಅವ್ವ ನಳಿಗೆಯನ್ನು ಒಂದು ಕೈಯಲ್ಲಿ ಸರಿಸಿ, ನನ್ನನ್ನೂ ಕಾಕಾನನ್ನೂ ಹತ್ತಿರ ಕರೆದಳು.

“ಅಳೂದು ಆಮ್ಯಾಲ. ತಪ್ಪು ಇವರದಲ್ಲ, ನಂದು,” ಅಂದಳು. “ನಾ ಅಲ್ಲಿ ಗಾಡಿ ಇಟ್ರ ಇವರು ಅಲ್ಲೇ ನಿಂದರತಾರ. ನಿಂತ್ರ ಬಿಸಿ ಮಾಡತಾರ. ನನ್ನ ಗಿರ್ಮಿಟ್ ಗಾಡಿ ನಾಕಾಕ್ಕ ಒಯ್ದು ನಿಲ್ಲಸ್ರಿ. ಕಂಬದ ಬುಡಕ್ಕ. ಮೈದಾನದಾಗ ತಿನ್ನಾಕ ಏನೂ ಇಲ್ಲಂದ್ರ ಯಾಂವ ನಿಂದರತಾನ ನೋಡೂಣು.”

“ಆದ್ರ ಅಕ್ಕಾ, ಅಲ್ಲಿ ಗಾಲಿಗೆ ಬೀಗಾ ಬೀಳತೈತಲ್ಲ,” ಅಂದ ಕಾಕಾ.

“ಬೀಳಲಿ. ಎಲ್ಲಾರ್ದೂ ಬೀಳಲಿ. ಎಷ್ಟು ಕ್ರೇನ್ ಅದಾವ ಅವರ ಕಡೆ?”

ಕಾಕಾನ ಮುಖದಲ್ಲಿ ಮೆಲ್ಲಗೆ ನಗು ಮೂಡಿತು. ನನಗೂ ಆಗ ಹೊಳೆಯಿತು. ಬೀಗ ಬಿಚ್ಚಬೇಕಾದರೆ ಗಾಡಿಯನ್ನು ನಿಂತಲ್ಲೇ ಬಿಸಿ ಮಾಡಬೇಕು. ನಿಂತದ್ದೆಲ್ಲಿ? ಶುದ್ಧ ವಲಯದ ಹೊಸ್ತಿಲ ಮೇಲೆ. ಗಾಳಿ ಬೀಸುವುದೆಲ್ಲಿಗೆ? ಶಾಂತಿವನಕ್ಕೆ. ಕಣ್ಣೊರೆಸಿಕೊಂಡು ಎದ್ದೆ.

ಅವ್ವ ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸೋಮವಾರ ಬೆಳಿಗ್ಗೆ ನಾನು ನಿಯಂತ್ರಣ ಕೊಠಡಿಯಲ್ಲಿದ್ದೆ. ಗೋಡೆಯಗಲದ ಪರದೆಯ ಮುಂದೆ ವೈಜಯಂತಿ ಕೂತಿದ್ದಳು. ಬೀಗಗಳನ್ನು ನೋಡಿಕೊಳ್ಳುವ ಹುಡುಗಿ, ನನ್ನ ಗೆಳತಿ. ಪರದೆಯಲ್ಲಿ ಬಿಸಿ ಗಾಡಿ ಹಸಿರು ಚುಕ್ಕೆ, ತಣ್ಣನೆ ಗಾಡಿ ಕೆಂಪು ಚುಕ್ಕೆ. ಆ ಹೊತ್ತಿಗೆ ಮೈದಾನದಲ್ಲಿ ಚುಕ್ಕೆಗಳ ಸಂತೆ ಇರಬೇಕಿತ್ತು. ಒಂದೂ ಇರಲಿಲ್ಲ.

“ಏನ್ರೀ ಇದು, ಸಂಪೇನು ಇವತ್ತು, ಗಾಡಿ ಎಲ್ಲಾ ಬಂದ್?” ಎಂದಳು ವೈಜಯಂತಿ. ಅಷ್ಟರಲ್ಲಿ ಮೊದಲ ಕೆಂಪು ಚುಕ್ಕೆ ನಾಕಾಕ್ಕೆ ಬಂತು. ಬೀಗ ಬಿತ್ತು. ಅದರ ಹಿಂದೆ ಇನ್ನೊಂದು. ಹಾಲಿನ ವ್ಯಾನು, ಟೆಂಪೋ, ಟಂಟಂ, ಟಂಟಂ. ಒಂದರ ಹಿಂದೊಂದು ತಣ್ಣಗೆ ಬಂದು, ಬೀಗ ಹಾಕಿಸಿಕೊಂಡು, ಅಲ್ಲೇ ಬೇರೂರಿದವು. ಹಿಂದೆ ಹಳೆಯ ಡಬ್ಬಿಯ ಗಾಡಿಗಳೂ ಬಂದು ಎಂಜಿನ್ನು ಆರಿಸಿ ನಿಂತವು. ರಸ್ತೆ ತುಂಬಿತು. ಕ್ರೇನು ಎಲ್ಲೋ ಹಿಂದೆ ಸಿಕ್ಕಿಕೊಂಡು ಹಾರ್ನು ಬಾರಿಸುತ್ತಿತ್ತು.

ಇನಾಮದಾರರು ಅರ್ಧ ಬಿಚ್ಚಿದ ಸ್ವೆಟರಿನಲ್ಲೇ ಒಳಗೆ ಬಂದರು. ಕ್ಯಾಮೆರಾ ಹಚ್ಚಿಸಿದರು. ನಾಕಾದ ಕಂಬದ ಬುಡದಲ್ಲಿ ಅವ್ವನ ಗಾಡಿ. ಸ್ಟೂಲಿನ ಮೇಲೆ ಅವ್ವ, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರು. ಟ್ರಂಕಿನ ತಳದಲ್ಲಿದ್ದ ಆ ನೀಲಿ ಸೀರೆ ಉಟ್ಟಿದ್ದಳು! ನಾನು ಉಟ್ಟುಕೋ ಅಂದಿರಲಿಲ್ಲ. ಡ್ರೈವರುಗಳು ಯಾರೂ ಕೆಳಗಿಳಿದಿರಲಿಲ್ಲ. ಓಣಿಯ ಹೆಂಗಸರು ಪ್ಲೇಟುಗಳನ್ನು ಸೀಟಿಗೇ ಒಯ್ದು ಕೊಡುತ್ತಿದ್ದರು.

“ಎಂಜಿನ್ ಬಂದ್ ಮಾಡಸ್ರಿ ಎಲ್ಲಾರ್ದೂ! ನಾಕಾದ ಮೀಟರ್ ಸತ್ತು ಹೋಗ್ತದ!” ಎಂದು ಇನಾಮದಾರರು ಕೂಗಿದರು.

“ಸರ್, ಮೀಟರ್ ನೋಡ್ರಿ,” ಅಂದೆ.

ವೈಜಯಂತಿ ನಾಕಾದ ಮೀಟರನ್ನು ಪರದೆಯ ಮಧ್ಯಕ್ಕೆ ತಂದಳು. ಅಷ್ಟು ಡೀಸೆಲ್ ಎಂಜಿನ್ನುಗಳು ಅದರ ಕೆಳಗೇ ಗುರ್ರೆನ್ನುತ್ತಿದ್ದವು. ಮುಳ್ಳು ಹಸಿರಿನಲ್ಲೇ ಇತ್ತು. ಅಲುಗಿರಲಿಲ್ಲ.

“ಕೆಟ್ಟದ ಇದು,” ಅಂದರು ಇನಾಮದಾರರು.

“ನಿಮ್ಮ ಶುದ್ಧ ವಲಯಕ್ಕ ಪ್ರಶಸ್ತಿ ಬಂದದ್ದು ಇದ ಮೀಟರ್‌ದಿಂದ ಸರ್. ಇವತ್ತ ಕೆಟ್ಟಿತೇನು?”

ಅವರು ನನ್ನತ್ತ ತಿರುಗಿದರು. “ಕಸ್ತೂರಿ, ಇದೆಲ್ಲಾ ನಿಮ್ಮದ ಕೆಲಸ ಅದ. ನಿಮ್ಮ ನೌಕರಿ ಉಳಿಯೂದಿಲ್ಲ.”

“ತಗೋರಿ,” ಅಂದೆ. ಎಷ್ಟು ಸುಲಭವಾಗಿ ಬಂತು ಆ ಮಾತು! “ನೌಕರಿ ತಗೋರಿ. ಅದಕ್ಕೂ ಮೊದಲ ಬೀಗಾ ತಗೀರಿ.”

ಅಷ್ಟರಲ್ಲಿ ನಾಕಾದ ಕಂಬಕ್ಕಿದ್ದ ಮೈಕಿನಲ್ಲಿ ಕಾಕಾನ ದನಿ ಕೇಳಿತು. ಯಾರಿಗಾದರೂ ಅನುಮಾನವಿದ್ದರೆ ಗುಂಡಿ ಒತ್ತಿ ಕೇಳಲಿ ಎಂದು ಮಂಡಳಿಯೇ ಹಾಕಿಸಿದ್ದ ಮೈಕು ಅದು.

“ನಮಸ್ಕಾರ್ರಿ ಸಾಹೇಬ್ರ. ಗಾಲಿ ಬೀಗ ಬಿಚ್ಚಬೇಕಂದ್ರ ಡಬ್ಬಿ ಬಿಸಿ ಆಗಬೇಕಲ್ರಿ? ನಿಮ್ಮ ನಿಯಮ ನಾವು ಮುರಿಯಾಂಗಿಲ್ಲ. ಹೂಂ ಅನ್ರಿ, ಇಲ್ಲೇ ಬಿಸಿ ಮಾಡ್ತೇವಿ. ಹಿಂದ ಹಳೇ ಡಬ್ಬಿ ಗಾಡಿಗೋಳೂ ಅದಾವು, ಅವೂ ಮಾಡ್ತಾವು. ಇಟ್ಟಂಗಿ ತಂದೇವ್ರಿ ಎಲ್ಲಾರೂ.”

ಕ್ಯಾಮೆರಾದಲ್ಲಿ ನೋಡಿದೆವು. ಸಾಲಿನುದ್ದಕ್ಕೂ ಕಿಟಕಿಗಳಿಂದ ಕೈಗಳು ಹೊರಬಂದವು. ಪ್ರತಿ ಕೈಯಲ್ಲೂ ಒಂದೊಂದು ಇಟ್ಟಿಗೆ. ಎತ್ತಿ ತೋರಿಸಿ, ಕೆಳಗಿಡದೆ ಹಾಗೇ ಹಿಡಿದುಕೊಂಡರು.

ಇನಾಮದಾರರು ಪರದೆಯ ಹತ್ತಿರಕ್ಕೆ ಬಂದರು. ನಾಕಾದಾಚೆ ಶಾಂತಿವನದ ಮನೆಗಳು ಕ್ಯಾಮೆರಾದಲ್ಲಿ ಕಾಣುತ್ತಿದ್ದವು. ಕಿಟಕಿಗಳೆಲ್ಲ ತೆರೆದಿದ್ದವು. ಒಂದು ಮಹಡಿಯ ಮೇಲೆ ಯಾರದೋ ಸೀರೆ ಒಣಗುತ್ತಿತ್ತು. ಅಲ್ಲಿ ಸೀರೆ ಒಣಗಲೆಂದೇ ಹಾಕುತ್ತಾರೆ, ಬಾಗಿಲಿಗೆ ಕಟ್ಟಲಿಕ್ಕಲ್ಲ.

“ಇದು ಬೆದರಿಕೆ,” ಅಂದರು ಸಣ್ಣ ದನಿಯಲ್ಲಿ. “ನನ್ನ ಮೊಮ್ಮಗಳು ಅದಾಳ ಅಲ್ಲಿ.”

“ಬೆದರಿಕೆ ಅಲ್ಲ ಸರ್, ನಿಮ್ಮದ ನಿಯಮ. ನಾವು ಬರೇ ಜಾಗಾ ಬದಲಿ ಮಾಡೇವಿ. ಅಲ್ಲಿ ನಿಮ್ಮ ಮೊಮ್ಮಗಳು ಅದಾಳ, ಮೈದಾನದಾಗ ನಮ್ಮವ್ವ ಇದ್ಲು. ಆ ನೀಲಿ ಸೀರಿ ಉಟಗೊಂಡು ಕುಂತಾಕಿ, ನಮ್ಮವ್ವ. ಈಗ ನೀವ ಹೇಳ್ರಿ. ಆ ಮುಳ್ಳನ್ನ ನಂಬ್ತೀರೋ, ಇಟ್ಟಂಗಿ ಇಡ್ರಿ ಅಂತೀರೋ?”

ಇನಾಮದಾರರು ಮುಳ್ಳನ್ನು ನೋಡಿದರು. ಅದು ಹಸಿರಿನಲ್ಲೇ ಇತ್ತು. ಕ್ಯಾಮೆರಾ ನೋಡಿದರು. ಅವ್ವ ಗಿರ್ಮಿಟ್ ಕಲೆಸುತ್ತಿದ್ದಳು, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಕಡೆಗೆ ಅವರು ಕುರ್ಚಿಯ ಬೆನ್ನು ಹಿಡಿದು, “ವೈಜಯಂತಿ, ಶಾಖದ ನಿಯಮ ತಗೀರಿ. ಆ ಡಬ್ಬಿ ಇದ್ದ ಗಾಡಿಗೆ ಅಷ್ಟ. ತಾತ್ಕಾಲಿಕ ಅಂತ ಬರೀರಿ,” ಅಂದರು.

ವೈಜಯಂತಿ ಅವರ ಮಾತು ಮುಗಿಯುವ ಮೊದಲೇ ಗುಂಡಿ ಒತ್ತಿದ್ದಳು. ಅವಳ ಅಪ್ಪನೂ ಟೆಂಪೋ ಓಡಿಸುತ್ತಿದ್ದನಂತೆ, ನನಗೆ ಆಮೇಲೆ ಹೇಳಿದಳು. ಪರದೆಯಲ್ಲಿ ಕೆಂಪು ಚುಕ್ಕೆಗಳು ಕೆಂಪಾಗಿಯೇ, ತಣ್ಣಗೇ, ಒಂದೊಂದಾಗಿ ಊರೊಳಗೆ ಹರಿದವು. ಕಾಕಾ ಹೋಗುವಾಗ ಕಂಬದ ಬುಡಕ್ಕೆ ತನ್ನ ಇಟ್ಟಿಗೆ ಒಗೆದ. ಹಿಂದಿನವನೂ ಒಗೆದ. ಸಂಜೆ ಹೋಗಿ ನೋಡಿದಾಗ ಅಲ್ಲೊಂದು ಕಟ್ಟೆ ಕಟ್ಟುವಷ್ಟು ಇಟ್ಟಿಗೆ ಬಿದ್ದಿತ್ತು.

ನನ್ನ ನೌಕರಿ ಹೋಯಿತು. ಹೋಗಲಿ ಬಿಡಿ. ಮಂಡಳಿಯ ಒಲೆಯನ್ನು ಅಪ್ಪಣೆಯಿಲ್ಲದೆ ಬಳಸಿದ್ದು ನಿಜವೇ. ಈಗ ಓಣಿಯಲ್ಲೇ, ಹಳೆಯ ಕಮ್ಮಾರಸಾಲೆಯಲ್ಲಿ ಡಬ್ಬಿ ಮಾಡುತ್ತೇವೆ. ಹಳೆಯ ಡಬ್ಬಿಯವರು ಸಾಲುಗಟ್ಟಿ ಬಂದು ಬದಲಿಸಿಕೊಂಡರು, ಈಗ ಬಿಸಿ ಮಾಡಲು ಮೈದಾನಕ್ಕೆ ಯಾರೂ ಬರುವುದಿಲ್ಲ. ತಾತ್ಕಾಲಿಕ ಆದೇಶ ಇನ್ನೂ ತಾತ್ಕಾಲಿಕವಾಗಿಯೇ ಇದೆ. ಸಮಿತಿ ಪರಿಶೀಲಿಸುತ್ತಲೇ ಇದೆ. ಒಮ್ಮೆ ಅಧಿಕಾರಿಯೊಬ್ಬ ಬಂದು, ಆದೇಶ ಹಿಂದಕ್ಕೆ ಪಡೆಯುವ ಸಂಭವವಿದೆ, ಬಿಸಿ ಮೈದಾನ ತಯಾರಿಟ್ಟಿರಿ ಎಂದು ಹೇಳಿ ಹೋದ. ಮೈದಾನದಲ್ಲಿ ಹುಡುಗಿಯರು ಖೊಖೊದ ಕಂಬ ನೆಟ್ಟಿದ್ದರು. ಅವನು ಅದನ್ನು ಎಡವಿಕೊಂಡೇ ಹೋದ.

ಅವ್ವನ ಪುಪ್ಪುಸ ಸುಟ್ಟದ್ದು ಸುಟ್ಟದ್ದೇ. ಯಾವ ವೇಗವರ್ಧಕವೂ ಅದನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಸಿಲಿಂಡರು ಪಕ್ಕದಲ್ಲೇ ಇರುತ್ತದೆ. ಆದರೆ ಡಾಕ್ಟರು ತಡೆಯುವುದಿಲ್ಲ ಅಂದಿದ್ದ ಚಳಿಗಾಲವನ್ನು ಅವಳು ಅದೇ ಓಣಿಯಲ್ಲಿ, ಅದೇ ಮನೆಯಲ್ಲಿ ಕಳೆದಳು. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಆ ನೀಲಿ ಸೀರೆ ಒಗೆದು ಅಂಗಳದ ಹಗ್ಗಕ್ಕೆ ಹಾಕಿದ್ದಳು. ಚಳಿಗಾಲವಿಡೀ ಉಟ್ಟ ಸೀರೆ. ನಾನು ಸೆರಗನ್ನು ಬಿಸಿಲಿಗೆ ಹಿಡಿದು, ಮಡಿಕೆ ಬಿಚ್ಚಿ, ಅಂಚಿನಿಂದ ಅಂಚಿಗೆ ಹುಡುಕಿದೆ. ಎಲ್ಲೂ ಕೆಂಪಿರಲಿಲ್ಲ.

“ಏನ್ ಹುಡುಕ್ತೀ?” ಅಂದಳು ಅವ್ವ ಒಳಗಿನಿಂದ.

“ಏನಿಲ್ಲ ಬೇ. ತಗದು ಟ್ರಂಕಿನ್ಯಾಗ ಇಡ್ಲೇನು?”

“ಟ್ರಂಕಿನ್ಯಾಗ ಯಾಕ? ಹೊರಗ ಇರಲಿ.” ಉಸಿರಿಗಾಗಿ ಒಂದು ಗಳಿಗೆ ನಿಂತಳು. “ಯಾರರ ಮತ್ತ ಬಂದು ಬಿಸಿ ಮಾಡ್ರಿ ಅಂದ್ರ, ಉಟಗೊಂಡು ನಾಕಾಕ್ಕ ಹೋಗಾಕ ಬೇಕಲ್ಲ.”